'ಮಹಾಬ್ರಾಹ್ಮಣ' ಓದಿ ನಾನು ಬರೆದ ಒಂದು ಮೇಲ್

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ಪ್ರಮೋಷನ್ ಮೂರನೇ ಸಲ ತಪ್ಪಿತು. ಮ್ಯಾನೇಜರ್ ಫೋನಿನಲ್ಲಿ "ಮುಂದಿನ ವರ್ಷ ಖಂಡಿತ" ಅಂದರು. ನಾನೂ "ಪರವಾಗಿಲ್ಲ ಸರ್" ಅಂತ ನಗುತ್ತಲೇ ಫೋನ್ ಇಟ್ಟೆ. ಆಮೇಲೆ ವಾಷ್‌ರೂಮಿಗೆ ಹೋಗಿ ಅತ್ತೆ.

ಆ ಶನಿವಾರ ಹಾಸನಕ್ಕೆ ಅಪ್ಪ-ಅಮ್ಮನ ಮನೆಗೆ ಹೋದರೆ ಅಲ್ಲೂ ಅದೇ ಪುರಾಣ. ಯಾರಿಗೆ ಸಿಕ್ಕಿತು, ಅವರಿಗಿಂತ ನಾನೆಷ್ಟು ಹೆಚ್ಚು ದುಡಿದೆ, ಎಲ್ಲ ಒಪ್ಪಿಸಿದೆ. ಅಮ್ಮ ಇನ್ನೊಂದು ಸೌಟು ಸಾರು ಬಡಿಸಿದರು. ನಿವೃತ್ತ ಮೇಷ್ಟ್ರಾದ ಅಪ್ಪ ಕೈ ತೊಳೆದು ಬಂದು, ಬೀರುವಿನಿಂದ ಕಂದು ಬಣ್ಣದ ಬೈಂಡ್ ಹಾಕಿದ ಪುಸ್ತಕವೊಂದನ್ನು ತೆಗೆದುಕೊಟ್ಟರು. "ಬಸ್ಸಲ್ಲಿ ಓದ್ಕೋ ಪುಟ್ಟಿ" ಅಂದರು, ಅಷ್ಟೇ.

ದೇವುಡು ನರಸಿಂಹ ಶಾಸ್ತ್ರಿಗಳ 'ಮಹಾಬ್ರಾಹ್ಮಣ'. ನನಗೆ ಸಿಟ್ಟೇ ಬಂತು. ಸಮಾಧಾನ ಕೇಳಿದರೆ ಕೈಗೆ ಪುರಾಣ ಕೊಡ್ತಾರಲ್ಲ!

ಮೆಟ್ರೋದಲ್ಲಿ ವಿಶ್ವಾಮಿತ್ರ

ಪುಸ್ತಕ ಒಂದು ತಿಂಗಳು ಬ್ಯಾಗಿನಲ್ಲೇ ಇತ್ತು. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗದಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ. ಒಂದು ದಿನ ಫೋನಿನ ಚಾರ್ಜ್ ಮುಗಿದಿತ್ತು, ಬೇರೆ ದಾರಿಯಿಲ್ಲದೆ ಓದೋಕೆ ಶುರು ಮಾಡಿದೆ. ಮೊದಮೊದಲು ಕಷ್ಟವಾಯಿತು. ಹಳೆಯ ಕಾಲದ ಗಂಭೀರ ಕನ್ನಡ, ಸಾಲಿಗೊಂದು ಸಂಸ್ಕೃತ ಪದ. ದಿನಕ್ಕೆ ಹತ್ತು ಪುಟ ದಾಟಿದರೆ ಅದೇ ದೊಡ್ಡದು.

ಕಥೆ ನಮಗೆಲ್ಲ ಗೊತ್ತಿರುವುದೇ. ಕೌಶಿಕ ಎಂಬ ರಾಜ ವಸಿಷ್ಠರ ಧೇನುವಿಗೆ ಆಸೆಪಟ್ಟು, ಅವರ ಮುಂದೆ ಸೋತು, ತಪಸ್ಸಿಗೆ ಕೂರುತ್ತಾನೆ. ಅವನ ದಾರಿಯಲ್ಲಿ ತ್ರಿಶಂಕು ಬರುತ್ತಾನೆ, ಮೇನಕೆ ಬರುತ್ತಾಳೆ. ಒಮ್ಮೆ ಹಟ, ಒಮ್ಮೆ ಮೋಹ, ಮತ್ತೊಮ್ಮೆ ಕೋಪ ಗಳಿಸಿದ ತಪಸ್ಸನ್ನೆಲ್ಲ ತಿಂದುಹಾಕುತ್ತದೆ. ರಾಜರ್ಷಿ ಆಗುತ್ತಾನೆ, ಮಹರ್ಷಿ ಆಗುತ್ತಾನೆ, ಆದರೂ ತೃಪ್ತಿಯಿಲ್ಲ. ತನ್ನನ್ನು ಸೋಲಿಸಿದ ಆ ವಸಿಷ್ಠರ ಬಾಯಿಂದಲೇ 'ಬ್ರಹ್ಮರ್ಷಿ' ಅನ್ನಿಸಿಕೊಳ್ಳಬೇಕು!

ರೈಲು ಇಂದಿರಾನಗರ ದಾಟುವಾಗ ಪುಸ್ತಕ ಮುಚ್ಚಿದೆ. ರಾಜರ್ಷಿ, ಮಹರ್ಷಿ, ಬ್ರಹ್ಮರ್ಷಿ. ಸೀನಿಯರ್, ಲೀಡ್, ಮ್ಯಾನೇಜರ್. ನನ್ನ ಏಣಿಯೂ ಇದೇ ಅಲ್ವಾ?

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಪ್ರಮೋಷನ್ ಸಿಕ್ಕಿದ್ದರೆ ಕೈಗೆ ಬರುತ್ತಿದ್ದ ಸಂಬಳದಲ್ಲಿ ನಾನು ಅಳುವಷ್ಟು ವ್ಯತ್ಯಾಸವೇನೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಬ್ಬ ವ್ಯಕ್ತಿ "ನೀನು ಚೆನ್ನಾಗಿ ಮಾಡ್ತಿದ್ದೀಯ" ಅನ್ನುವುದು. ಅದಕ್ಕಾಗಿ ಮೂರು ವರ್ಷದಿಂದ ಭಾನುವಾರಗಳನ್ನೂ ಬಿಟ್ಟುಕೊಟ್ಟಿದ್ದೆ. ಇದನ್ನು ಒಪ್ಪಿಕೊಳ್ಳೋಕೆ ನಾಚಿಕೆಯಾಯಿತು. ಆದರೆ ಎದೆಯ ಭಾರ ಸ್ವಲ್ಪ ಇಳಿಯಿತು.

ಕನ್ನಡಿ ತಿರುಗಿದ ದಿನ

ಅಲ್ಲಿಗೇ ನಿಂತಿದ್ದರೆ ಇದು ನನ್ನ ಗೋಳಿನ ಕಥೆ ಆಗುತ್ತಿತ್ತು. ಪುಸ್ತಕ ಮುಗಿಯುವ ಹೊತ್ತಿಗೆ ಇನ್ನೊಂದು ಯೋಚನೆ ಬಂತು. ನನ್ನ ಕೈಕೆಳಗೆ ನಾಲ್ಕು ಜನ ಇದ್ದಾರೆ. ಅವರು ಯಾರ ಮಾತಿಗಾಗಿ ಕಾಯ್ತಿದ್ದಾರೆ?

ನಮ್ಮ ತಂಡದ ಒಬ್ಬ ಹುಡುಗ ಎರಡು ವರ್ಷದಿಂದ ರಾತ್ರಿ ಪಾಳಿಯ ತೊಂದರೆಗಳನ್ನೆಲ್ಲ ಒಬ್ಬನೇ ನಿಭಾಯಿಸುತ್ತಿದ್ದ. ಬೆಳಗ್ಗೆ ಅದರ ವರದಿಯನ್ನು ಮೇಲಿನವರಿಗೆ ನಾನು ಕಳಿಸುತ್ತಿದ್ದೆ. ನನ್ನ ಹೆಸರಿನಲ್ಲಿ. ಅವನಿಗೆ ಒಂದು ದಿನವೂ "ಭೇಷ್" ಅಂದದ್ದು ನೆನಪಿಗೆ ಬರಲಿಲ್ಲ. ನನ್ನನ್ನು ನಾನು ವಿಶ್ವಾಮಿತ್ರ ಅಂದುಕೊಂಡು ಕಣ್ಣೀರು ಹಾಕಿದ್ದೆ. ಆ ಹುಡುಗನ ಪಾಲಿಗೆ ಮಾತು ತಡೆಹಿಡಿದವಳು ನಾನೇ ಆಗಿದ್ದೆ. ವಸಿಷ್ಠರ ತೂಕ ಮಾತ್ರ ನನಗಿರಲಿಲ್ಲ.

ಮರುದಿನ ಒಂದು ಮೇಲ್ ಬರೆದೆ. ಯಾವ ಯಾವ ಕೆಲಸ ಅವನದು ಅಂತ ಸಾಲಾಗಿ ಬರೆದು, ಮ್ಯಾನೇಜರ್‌ಗೂ ಕಳಿಸಿದೆ. ಅದನ್ನು ಕಳಿಸುವಾಗ ಕೈ ನಡುಗಿದ್ದು ಸುಳ್ಳಲ್ಲ. ನನ್ನ ವರ್ಷದ ಸಾಧನೆಗಳ ಪಟ್ಟಿ ಅರ್ಧಕ್ಕರ್ಧ ಖಾಲಿಯಾಗುತ್ತಿತ್ತು.

ಅವನು ಸಂಜೆ ನನ್ನ ಟೇಬಲ್ ಹತ್ತಿರ ಬಂದ. "ಥ್ಯಾಂಕ್ಸ್ ಮೇಡಂ. ಆದ್ರೆ ನಾನು ಹೋದ ವಾರನೇ ಬೇರೆ ಕಡೆ ಒಪ್ಪಿಕೊಂಡುಬಿಟ್ಟೆ" ಅಂದ. ಸ್ವಲ್ಪ ಹೊತ್ತು ನಿಂತು, "ಇದು ಆರು ತಿಂಗಳ ಹಿಂದೆ ಬಂದಿದ್ರೆ ಇರ್ತಿದ್ದೆ ಅನ್ಸುತ್ತೆ" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಕ್ಷಮೆ ಕೇಳಿದೆ.

ಕಾದಂಬರಿಯೇ ಯಾಕೆ?

ನಾನು ಸೆಲ್ಫ್‌ಹೆಲ್ಪ್ ಪುಸ್ತಕಗಳನ್ನೂ ಓದಿದ್ದೇನೆ. ಅವು ಏನು ಮಾಡಬೇಕು ಅಂತ ಹೇಳುತ್ತವೆ. ನಾನು ತಲೆಯಾಡಿಸಿ ಮರೆಯುತ್ತೇನೆ. ಕಾದಂಬರಿ ಹಾಗಲ್ಲ, ತಪ್ಪು ಮಾಡುವ ಒಬ್ಬ ಮನುಷ್ಯನ ಜೊತೆ ನಮ್ಮನ್ನು ಬಹಳ ದೂರ ನಡೆಸುತ್ತದೆ. ಅವನನ್ನು ನೋಡಿ "ಅಯ್ಯೋ, ಇವನಿಗೆ ಬುದ್ಧಿ ಇಲ್ವಾ" ಅನ್ನುತ್ತಿರುವಾಗಲೇ ನಮ್ಮ ಬಣ್ಣ ನಮಗೆ ಕಾಣುತ್ತದೆ.

ಆಮೇಲೆ ಒಂದೊಂದಾಗಿ ಓದುತ್ತಾ ಹೋದೆ. ದೇವುಡು ಅವರದೇ 'ಮಹಾಕ್ಷತ್ರಿಯ' ನಹುಷನ ಕಥೆ; ಅದಕ್ಕೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. 'ಮಹಾದರ್ಶನ' ಯಾಜ್ಞವಲ್ಕ್ಯರ ಕಥೆ. ದೇವರು-ಧರ್ಮದ ಬಗ್ಗೆ ಪ್ರಶ್ನೆಗಳೇ ಜಾಸ್ತಿ ಇರುವವರಿಗೆ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಇದೆ. 1968ರ ಆ ಕಾದಂಬರಿಯ ಅಜ್ಜಿ ಮೊಮ್ಮಗ ಸುಬ್ಬರಾಯನ ಯಾವ ಪ್ರಶ್ನೆಗೂ ಹೆದರುವುದಿಲ್ಲ. ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' (1922) ತೆಳ್ಳಗಿನ ಪುಸ್ತಕ, ಪ್ರಾರಂಭಿಸೋಕೆ ಸುಲಭ. ಅದರಲ್ಲಿ ಬರುವ ಅಂಬಿಗ ವಾಸುದೇವ ಹೆಚ್ಚು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಆ ಪುಟಗಳನ್ನು ಓದುವಾಗ ನನಗೆ ಅಪ್ಪ ನೆನಪಾದರು.

ನೀವೂ ಶುರು ಮಾಡೋದಾದ್ರೆ ಮೂರು ಮಾತು. ದಿನಕ್ಕೆ ಹತ್ತು ಪುಟ ಸಾಕು. ಎಲ್ಲಿ ಚುಚ್ಚಿತೋ ಆ ಪುಟದ ಸಂಖ್ಯೆಯನ್ನು ಫೋನಿನಲ್ಲಿ ಬರೆದಿಡಿ. ಇಷ್ಟವಾದ ಸಾಲಿಗಿಂತ ಇರುಸುಮುರುಸು ಮಾಡಿದ ಸಾಲು ಮುಖ್ಯ. ಇನ್ನು, ಕಾದಂಬರಿ ಔಷಧಿಯಲ್ಲ. ವಾರಗಟ್ಟಲೆ ನಿದ್ದೆ ಬರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದ್ರೆ ಮೊದಲು ವೈದ್ಯರನ್ನು ಕಾಣಿ.

ದಸರಾ ರಜೆಗೆ ಊರಿಗೆ ಹೋದಾಗ ಅಪ್ಪನಿಗೆ ಪುಸ್ತಕ ವಾಪಸ್ ಕೊಟ್ಟು, "ಇದನ್ನೇ ಯಾಕೆ ಕೊಟ್ರಿ?" ಅಂತ ಕೇಳಿದೆ.

ಅಪ್ಪ ಬೈಂಡಿನ ಮೇಲಿನ ಧೂಳು ಒರೆಸುತ್ತಾ, "ನಂಗೆ ಹೆಡ್‌ಮಾಸ್ಟರ್ ಹುದ್ದೆ ತಪ್ಪಿದ ವರ್ಷ ಓದಿದ್ದು" ಅಂದರು.

ಅದು ನನಗೆ ಗೊತ್ತೇ ಇರಲಿಲ್ಲ. ಆ ವಿಷಯವನ್ನು ಅವರು ಮನೆಯಲ್ಲಿ ಒಂದು ದಿನವೂ ಆಡಿರಲಿಲ್ಲ. ಅವತ್ತು ರಾತ್ರಿ ಊಟವಾದ ಮೇಲೆ ನಾನು ನನ್ನ ಆಫೀಸಿನ ಕಥೆ ತೆಗೆಯಲಿಲ್ಲ. "ಅಪ್ಪಾ, ಆ ವರ್ಷ ಏನಾಯ್ತು ಹೇಳಿ" ಅಂದೆ. ಹನ್ನೊಂದೂವರೆವರೆಗೂ ಅವರು ಮಾತಾಡಿದರು.