ಕಾಲೇಜು ನೋಡುವ ಶಾಸ್ತ್ರ

ನಮ್ಮ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ನಿಂತರೆ, ತಟ್ಟೆಗೆ ಬಿಸಿಬೇಳೆಭಾತ್ ಬೀಳುವ ಮೊದಲೇ ಒಂದು ಪ್ರಶ್ನೆ ಬೀಳುತ್ತದೆ: "ಮಗಳು ಈ ವರ್ಷ ಗ್ರೇಡ್ ಟ್ವೆಲ್ವ್ ಅಲ್ವಾ? ಎಲ್ಲೆಲ್ಲಿಗೆ ಅಪ್ಲೈ ಮಾಡ್ತಿದ್ದಾಳೆ?" ನವೆಂಬರ್ ನಮಗೆಲ್ಲ ಕನ್ನಡದ ತಿಂಗಳು. ಆದರೆ ಹದಿನೇಳರ ಮಕ್ಕಳಿರುವ ಒಂಟಾರಿಯೋದ ಮನೆಗಳಲ್ಲಿ ಅದು ಯೂನಿವರ್ಸಿಟಿಗಳ ತಿಂಗಳೂ ಹೌದು. ಎಲೆ ಉದುರುವ ಕಾಲಕ್ಕೆ ಓಪನ್ ಹೌಸ್‌ಗಳು, ಜನವರಿ ಮಧ್ಯದೊಳಗೆ ಅರ್ಜಿ, ಮಾರ್ಚ್ ಬ್ರೇಕಿನಲ್ಲಿ ಮತ್ತೆ ಕ್ಯಾಂಪಸ್ ಭೇಟಿ, ಜೂನ್ ಆರಂಭದಲ್ಲಿ ತೀರ್ಮಾನ. ಈ ಚಕ್ರದಲ್ಲಿ ಒಮ್ಮೆ ಸುತ್ತಿ ಬಂದವನಾದ್ದರಿಂದ, ಮುಂದೆ ಸುತ್ತಲಿರುವವರಿಗೆ ಉಪಯೋಗವಾದೀತೆಂದು ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಸೀಟು ಮೊದಲು, ಕಾಲೇಜು ಆಮೇಲೆ. 1988ರಲ್ಲಿ ಮೈಸೂರು ಮೆಡಿಕಲ್ ಕಾಲೇಜನ್ನು ನಾನು ಮೊದಲ ಸಲ ಕಂಡದ್ದೇ ಫೀಸು ಕಟ್ಟಲು ಹೋದ ದಿನ. ನಮ್ಮ ತಂದೆ ಹಾಸನದ ಹತ್ತಿರ ಆಲೂಗಡ್ಡೆ ಬೆಳೆಯುವ ರೈತರು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮುಂಗಾರಿನಲ್ಲಿ ಅಂಗಮಾರಿ ರೋಗ ಬಿದ್ದು, ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟ ಹಾಗೆ ಕಪ್ಪಾಯಿತು. ಆ ರಾತ್ರಿ ಅಪ್ಪ ಹೇಳಿದ್ದು ಒಂದೇ ಮಾತು: "ನೀನು ಮಾತ್ರ ಈ ಮಣ್ಣಿಗೆ ಬರಬೇಡ." ಆ ಮಾತೇ ನನ್ನನ್ನು ಡಾಕ್ಟರ್ ಮಾಡಿತು. ನನಗೇನು ಇಷ್ಟ ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂದು ನನಗೂ ತೋಚಲಿಲ್ಲ.

2023ರ ಅಕ್ಟೋಬರ್‌ನಲ್ಲಿ ನಾವು ಹ್ಯಾಮಿಲ್ಟನ್‌ನ ಮ್ಯಾಕ್‌ಮಾಸ್ಟರ್‌ಗೆ ಹೋದೆವು. 'ನಾವು' ಎಂದರೆ ತಪ್ಪಾದೀತು. ಹೋದವನು ನಾನು, ಮಗಳು ಜೊತೆಗೆ ಬಂದಿದ್ದಳು. ಹಳೆಯ ಕಲ್ಲಿನ ಕಟ್ಟಡಗಳು, ಕ್ಯಾಂಪಸ್ಸಿನಲ್ಲೇ ದೊಡ್ಡ ಆಸ್ಪತ್ರೆ. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು! ಆ ವಿಶ್ವವಿದ್ಯಾಲಯ ಟೊರಾಂಟೊದಿಂದ ಅಲ್ಲಿಗೆ ಬಂದದ್ದು 1930ರಲ್ಲಿ. ನಮ್ಮ ಮೆಡಿಕಲ್ ಕಾಲೇಜು ಬೆಂಗಳೂರಿನಿಂದ ಮೈಸೂರಿಗೆ ಬಂದದ್ದೂ ಅದೇ ವರ್ಷ ಎಂದು ಉತ್ಸಾಹದಿಂದ ಹೇಳಿದೆ. ಅವಳು "ಹೌದಾ?" ಎಂದು ಸುಮ್ಮನಾದಳು. ಕ್ಯಾಂಪಸ್ ತೋರಿಸುತ್ತಿದ್ದ ವಿದ್ಯಾರ್ಥಿಗೆ ನಾನು ಒಂದರ ಮೇಲೊಂದು ಪ್ರಶ್ನೆ ಹಾಕುತ್ತಾ ಹೋದೆ. ಮಗಳು ಮೆಲ್ಲಗೆ ಗುಂಪಿನ ಕೊನೆಗೆ ಸರಿದು ನಿಂತಳು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಕೇಳಿದಳು: "ಕೇಳಿದ್ದೆಲ್ಲ ನೀವೇ. ಅವಳಿಗೇನನ್ನಿಸ್ತು ಅಂತ ಒಂದು ಸಲ ಕೇಳಿದ್ರಾ?" ರೋಗಿಯ ಮಾತು ಮುಗಿಯುವ ಮೊದಲು ಔಷಧಿ ಬರೆಯಬೇಡಿ ಎಂದು ಕಿರಿಯ ವೈದ್ಯರಿಗೆ ಪಾಠ ಹೇಳುವವನು ನಾನು! ಉತ್ತರ ಕೊಡಲಾಗಲಿಲ್ಲ.

ಅರ್ಜಿ ಹಾಕುವಾಗ ಮೂಲ ಶುಲ್ಕದಲ್ಲೇ ಮೂರು ಆಯ್ಕೆಗಳಿಗೆ ಅವಕಾಶವಿತ್ತು. ಮ್ಯಾಕ್‌ಮಾಸ್ಟರ್ ಮತ್ತು ಟೊರಾಂಟೊ ನನ್ನವು. ಮೂರನೆಯದಾಗಿ ಮಗಳು ಗ್ವೆಲ್ಫ್ ವಿಶ್ವವಿದ್ಯಾಲಯದ ಸಸ್ಯ ವಿಜ್ಞಾನ ಎಂದಳು. ದುಡ್ಡಂತೂ ಕಟ್ಟಿಯಾಗಿದೆ, ಹಾಕಲಿ ಬಿಡು ಎಂದುಕೊಂಡೆ.

2024ರ ಮಾರ್ಚ್‌ನಲ್ಲಿ ಗ್ವೆಲ್ಫ್‌ಗೆ ಹೊರಟಾಗ ಹೆಂಡತಿ ನನಗೆ ಒಂದು ಷರತ್ತು ಹಾಕಿದ್ದಳು: ಬಾಯಿ ಬಿಡುವಂತಿಲ್ಲ. 1874ರಲ್ಲಿ ಶುರುವಾದ ಕೃಷಿ ಕಾಲೇಜು, ಅದಕ್ಕಿಂತ ಹಳೆಯ ಪಶುವೈದ್ಯ ಕಾಲೇಜು ಮುಂತಾದವು ಸೇರಿ 1964ರಲ್ಲಿ ಆದ ವಿಶ್ವವಿದ್ಯಾಲಯ ಅದು. ಅಂಗಳದಲ್ಲೊಂದು ಹಳೆಯ ಫಿರಂಗಿ. ಅದಕ್ಕೆ ರಾತ್ರಿ ಹೊತ್ತು ಬಣ್ಣ ಬಳಿಯುವುದು ಅಲ್ಲಿನ ಹುಡುಗರ ಸಂಪ್ರದಾಯವಂತೆ. ಸಸ್ಯ ವಿಜ್ಞಾನದ ಮೇಜಿನ ಮುಂದೆ ಒಬ್ಬ ವಿದ್ಯಾರ್ಥಿನಿ ಆಲೂಗಡ್ಡೆ ಇಟ್ಟುಕೊಂಡು ನಿಂತಿದ್ದಳು. ನಾವು ಅಂಗಡಿಯಿಂದ ತಂದು ಪಲ್ಯ ಮಾಡುವ ಯೂಕಾನ್ ಗೋಲ್ಡ್ ತಳಿಯನ್ನು ಬೆಳೆಸಿದ್ದು ಇದೇ ಗ್ವೆಲ್ಫ್‌ನಲ್ಲಿ. ಅದು ಬಿಡುಗಡೆಯಾದದ್ದು 1980ರಲ್ಲಿ. ಮಾತು ಆಲೂಗಡ್ಡೆಯ ರೋಗಗಳ ಕಡೆ ತಿರುಗಿತು. ಮಗಳು ಥಟ್ಟನೆ ನನ್ನತ್ತ ತಿರುಗಿ, "ಅಪ್ಪ, ತಾತನ ಹೊಲಕ್ಕೆ ಬಂದಿತ್ತಲ್ಲ ಅಂಗಮಾರಿ, ಅದು ಇದೇನಾ?" ಎಂದಳು.

ಅದೇ. ಐರ್ಲೆಂಡಿನಲ್ಲಿ 1845ರಲ್ಲಿ ಶುರುವಾಗಿ ಸುಮಾರು ಹತ್ತು ಲಕ್ಷ ಜನರನ್ನು ಬಲಿ ತೆಗೆದುಕೊಂಡ ಮಹಾ ಕ್ಷಾಮಕ್ಕೂ ಕಾರಣವಾದ ರೋಗ. ಅವಳು ಅರ್ಧ ಗಂಟೆ ಅಲ್ಲಿಂದ ಕದಲಲಿಲ್ಲ. ಹ್ಯಾಮಿಲ್ಟನ್‌ನಲ್ಲಿ ಗುಂಪಿನ ಕೊನೆಗೆ ಸರಿದಿದ್ದ ಹುಡುಗಿ ಇವಳೇನಾ ಎನಿಸಿತು. ಕಾರಿನಲ್ಲಿ, "ಉಳಿದೆರಡಕ್ಕೆ ಅರ್ಜಿ ಹಾಕಿದ್ದು ನಿನಗೋಸ್ಕರ, ಅಪ್ಪ" ಎಂದಳು. ಸುಳ್ಳೇಕೆ ಹೇಳಲಿ, ನನಗೆ ಬೇಜಾರಾಯಿತು. ಬ್ರಾಂಪ್ಟನ್ ಬರುವವರೆಗೂ ನಾನು ಮಾತಾಡಲಿಲ್ಲ.

ಆದರೆ ಒಂದು ದಿನ ನೋಡಿ ಮರುಳಾಗಬಾರದು ಎಂಬುದೂ ನಿಜ. ನಮ್ಮ ಕಡೆಯ ಹೆಣ್ಣು ನೋಡುವ ಶಾಸ್ತ್ರ ನೆನಪಿದೆಯಲ್ಲ? ಅಂಗಳ ಗುಡಿಸಿರುತ್ತದೆ, ಹುಡುಗಿ ರೇಷ್ಮೆ ಸೀರೆ ಉಟ್ಟಿರುತ್ತಾಳೆ, ಉಪ್ಪಿಟ್ಟು ಕೇಸರಿಭಾತ್ ಬರುತ್ತದೆ. ಓಪನ್ ಹೌಸ್ ಹೆಚ್ಚುಕಡಿಮೆ ಅದೇ. ತಾಂಬೂಲದ ಬದಲು ಯೂನಿವರ್ಸಿಟಿಯ ಹೆಸರು ಬರೆದ ಚೀಲ ಕೊಡುತ್ತಾರೆ, ಅಷ್ಟೆ. ಆದ್ದರಿಂದ ಏಪ್ರಿಲ್‌ನಲ್ಲಿ, ತರಗತಿಗಳು ಮುಗಿಯುವ ಮೊದಲು, ಅವಳನ್ನು ಒಬ್ಬಳನ್ನೇ ಗೋ ಟ್ರೈನಿನಲ್ಲಿ ಮತ್ತೆ ಕಳಿಸಿದೆವು. ಅಂದು ಮಳೆ. ಹಾರವಿಲ್ಲ, ತುರಾಯಿಯಿಲ್ಲ. ಕ್ಯಾಂಪಸ್ಸಿನ ಕ್ಯಾಂಟೀನಿನಲ್ಲಿ ತಿಂದು, ಲೈಬ್ರರಿಯಲ್ಲಿ ಕೂತು, ಒದ್ದೆ ಶೂಗಳಲ್ಲಿ ವಾಪಸ್ ಬಂದು "ಇವತ್ತೂ ಇಷ್ಟವಾಯ್ತು" ಎಂದಳು.

ಭೇಟಿ ಕೊಟ್ಟ ಮಾತ್ರಕ್ಕೆ ಸೀಟು ಸಿಗುವುದಿಲ್ಲ. ಅಮೆರಿಕದ ಕೆಲವು ಖಾಸಗಿ ಕಾಲೇಜುಗಳು ಯಾರು ಬಂದು ನೋಡಿಹೋದರು ಎಂದು ಗಮನಿಸುವುದುಂಟು. ಒಂಟಾರಿಯೋದಲ್ಲಿ ಗ್ರೇಡ್ ಟ್ವೆಲ್ವ್‌ನ ಅಂಕಗಳೇ ಮುಖ್ಯ. ಡಾಕ್ಟರ್ ಆಗಲೇಬೇಕೆನ್ನುವ ಮನೆಗಳಿಗೂ ಒಂದು ಮಾತು: ನಮ್ಮಲ್ಲಿ ಪಿಯುಸಿ ಆದೊಡನೆ ಎಂಬಿಬಿಎಸ್ ಸೇರುವಂತೆ ಇಲ್ಲಿ ಸಾಮಾನ್ಯವಾಗಿ ಆಗದು. ಮೊದಲು ಪದವಿ ಓದಬೇಕು, ಅದು ಲೈಫ್ ಸೈನ್ಸೇ ಆಗಬೇಕೆಂದಿಲ್ಲ. ಹಾಗಿರುವಾಗ ಆ ವರ್ಷಗಳನ್ನು ಇಷ್ಟಪಟ್ಟು ಓದುವ ಜಾಗ ಯಾವುದೆಂದು ಮಗುವಿಗೇ ಕಾಣಿಸಬೇಕು. ಕ್ಯಾಂಪಸ್ ಭೇಟಿಯಿಂದ ಆಗುವ ದೊಡ್ಡ ಉಪಕಾರ ಅದೇ. ನಾವು ಕಾರು ಓಡಿಸೋಣ, ಪಾರ್ಕಿಂಗ್ ದುಡ್ಡು ಕೊಡೋಣ, ಹತ್ತು ಹೆಜ್ಜೆ ಹಿಂದೆ ನಡೆಯೋಣ.

ಜೂನ್‌ನಲ್ಲಿ ಅವಳು ಗ್ವೆಲ್ಫ್‌ಗೆ ಒಪ್ಪಿಗೆ ಕಳಿಸಿದ ದಿನ ಊರಿಗೆ ಫೋನ್ ಮಾಡಿದೆ. 'ಈ ಮಣ್ಣಿಗೆ ಬರಬೇಡ' ಎಂದಿದ್ದ ಅಪ್ಪನಿಗೆ ಮೊಮ್ಮಗಳು ಮಣ್ಣಿಗೇ ಹೊರಟಳೆಂದು ಹೇಗೆ ಹೇಳುವುದು? ಅಳುಕುತ್ತಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕರು.

"ಓದಲಿ ಬಿಡು ಮಗ. ಆಲೂಗಡ್ಡೆಗೂ ಒಬ್ಬ ಡಾಕ್ಟರ್ ಬೇಕಾಗಿತ್ತು."