ಹೊಡೆದವನೇ ಸರಿ ಎಂಬ ಪಾಠ

ಬೆಂಗಳೂರಿನ ಕೊಡಿಗೇಹಳ್ಳಿಯ ಬೀದಿಗಳಲ್ಲಾಗಲಿ, ಪಕ್ಕದ ಸಹಕಾರ ನಗರದಲ್ಲಾಗಲಿ, ಆಡುವ ಹುಡುಗರ ಕೈಗೆ ಒಂದು ಕೋಲು ಸಿಕ್ಕರೆ ಅದೇ ಲಾಂಗು. ಅದನ್ನು ಬೆನ್ನ ಹಿಂದಿನಿಂದ ಎಳೆಯುವ ಗತ್ತು, ಹೆಗಲಿಗೇರಿಸಿ ನಡೆಯುವ ಠೀವಿ ಎರಡೂ ಸಿನಿಮಾದಿಂದ ಬಂದವು. ನಿಜವಾದ ರೌಡಿಗಳನ್ನೇ ತೆರೆಗೆ ತಂದ ‘ಓಂ’ ಬಿಡುಗಡೆಯಾದದ್ದು 1995ರಲ್ಲಿ. ಅಂದಿನಿಂದ ಲಾಂಗು ನಮ್ಮ ನಾಯಕರ ಕೈ ಬಿಟ್ಟಿಲ್ಲ. ಮಕ್ಕಳ ಆಟ ಕಂಡು ಗಾಬರಿಯಾಗಬೇಕಿಲ್ಲ, ಆಟ ಆಟವೇ. ಆದರೆ ಏಟಿನ ಜೊತೆಗೆ ‘ಹೊಡೆದವನೇ ಸರಿ’ ಎಂಬ ನಂಬಿಕೆಯೂ ಮಗುವಿನೊಳಗೆ ಇಳಿಯುತ್ತದಲ್ಲ, ನನ್ನ ಚಿಂತೆ ಅದರದ್ದು.

ಅಮೆರಿಕದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1961ರಲ್ಲಿ, ದೊಡ್ಡವರು ಗೊಂಬೆಗೆ ಬಡಿಯುವುದನ್ನು ಮಕ್ಕಳಿಗೆ ತೋರಿಸಿದರು. ಮಕ್ಕಳೂ ಹಾಗೆಯೇ ಬಡಿದರು. ಇದಕ್ಕಿಂತ ಮುಖ್ಯವಾದದ್ದು 1965ರ ಅವರ ಪ್ರಯೋಗ. ಬಡಿದವನಿಗೆ ಶಿಕ್ಷೆಯಾದದ್ದನ್ನು ಕಂಡ ಮಕ್ಕಳು ಅಷ್ಟಾಗಿ ಅನುಕರಿಸಲಿಲ್ಲ. ಆದರೆ ಬಹುಮಾನ ಕೊಡುತ್ತೇವೆ ಎಂದ ಕೂಡಲೇ ಅವರೂ ನೋಡಿದ್ದನ್ನು ಮಾಡಿ ತೋರಿಸಿದರು. ಹಾಗಾಗಿ ಸಿನಿಮಾದ ಕೊನೆಯಲ್ಲಿ ಕೆಟ್ಟವನಿಗೆ ಶಿಕ್ಷೆಯಾಗುತ್ತದಲ್ಲ ಎಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಕಲಿಕೆ ಆಗಿಯೇ ಇರುತ್ತದೆ, ಸಂದರ್ಭಕ್ಕೆ ಕಾಯುತ್ತಿರುತ್ತದೆ. ಷಿಕಾಗೋದಲ್ಲಿ 1977ರಲ್ಲಿ ಆರಂಭವಾದ ಅಧ್ಯಯನವೊಂದು ಮಕ್ಕಳನ್ನು ಹದಿನೈದು ವರ್ಷಗಳ ನಂತರ ಮತ್ತೆ ಮಾತನಾಡಿಸಿತು. ಹಿಂಸೆಯ ಕಾರ್ಯಕ್ರಮ ಹೆಚ್ಚು ನೋಡಿದವರು, ಹೊಡೆಯುವ ಪಾತ್ರವನ್ನು ತಾವೇ ಎಂದುಕೊಂಡವರು, ತೆರೆಯ ಮೇಲಿನದು ಲೋಕದ ರೀತಿಯೇ ಎಂದು ನಂಬಿದವರು ದೊಡ್ಡವರಾದ ಮೇಲೆ ಹೆಚ್ಚು ಆಕ್ರಮಣಶೀಲರಾಗಿದ್ದರು.

ತೆರೆ ಹೇಳಿದ್ದಕ್ಕೆ ಬೀದಿಯೂ ಹೂಂಗುಟ್ಟಿದರೆ ಆ ನಂಬಿಕೆಗೆ ಬೇರು ಬರುತ್ತದೆ. ನೆರೆಹೊರೆಯ ಹಿಂಸೆಯನ್ನು ಕಣ್ಣಾರೆ ಕಂಡ ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ, ವಿಶೇಷವಾಗಿ ಮೇಲಿನ ತರಗತಿಗಳವರಲ್ಲಿ, ಹೊಡೆಯುವುದು ತಪ್ಪಲ್ಲ ಎಂಬ ಭಾವ ಬೆಳೆದದ್ದನ್ನು 2003ರ ಇನ್ನೊಂದು ಅಮೆರಿಕದ ಅಧ್ಯಯನ ದಾಖಲಿಸಿದೆ. ನಮ್ಮಲ್ಲಿ 2016ರ ಸೆಪ್ಟೆಂಬರ್ 12ನ್ನು ನೆನೆಯಿರಿ. ಕಾವೇರಿ ಗಲಭೆಯಲ್ಲಿ ಬಸ್ಸುಗಳು ಹೊತ್ತಿ ಉರಿದವು, ಯಶವಂತಪುರವೂ ಸೇರಿ 16 ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಿತ್ತು. ಶಾಲೆಯಿಲ್ಲದೆ ಮನೆಯಲ್ಲಿ ಕೂತ ಮಕ್ಕಳ ಮುಂದೆ ಟಿವಿ ಅದೇ ಬೆಂಕಿಯನ್ನು ಮತ್ತೆ ಮತ್ತೆ ತೋರಿಸಿತು.

ಲಕ್ಷಾಂತರ ಮಕ್ಕಳು ನೋಡುತ್ತಾರೆ, ಎಲ್ಲರೂ ರೌಡಿಗಳಾಗುತ್ತಾರೆಯೇ ಎಂದು ಕೇಳುವವರಿದ್ದಾರೆ. ಇಲ್ಲ, ಆಗುವುದಿಲ್ಲ. ಆಕ್ಸ್‌ಫರ್ಡ್‌ನ 2019ರ ಅಧ್ಯಯನಕ್ಕೆ ಹಿಂಸಾತ್ಮಕ ವಿಡಿಯೋ ಗೇಮಿಗೂ ಹದಿಹರೆಯದವರ ಆಕ್ರಮಣಶೀಲತೆಗೂ ನಂಟು ಕಾಣಲಿಲ್ಲ. ಈ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಸಿನಿಮಾ, ಒಂದು ಗೇಮು ಯಾರನ್ನೂ ಕೊಲೆಗಾರನಾಗಿಸದು. ರಾಮಾಯಣ, ಯಕ್ಷಗಾನಗಳಲ್ಲೂ ಯುದ್ಧವಿಲ್ಲವೇ ಎನ್ನುವುದೂ ನಿಜ. ಆದರೆ ಅಲ್ಲಿ ಕೊಂದವನೂ ಲೆಕ್ಕ ಕೊಡಬೇಕು, ಸತ್ತವನಿಗಾಗಿ ಅಳುವವರಿರುತ್ತಾರೆ; ಅರ್ಧ ನಿಮಿಷದ ರೀಲ್ಸ್‌ನಲ್ಲಿ ಉಳಿಯುವುದು ಬರಿಯ ಏಟು, ಹಿಂದೆ ಒಂದು ಬಿಜಿಎಂ. ಚಿತ್ರಮಂದಿರಕ್ಕೆ 7, 13, 16 ವಯಸ್ಸಿನ ಯುಎ ವರ್ಗೀಕರಣ 2024ರ ನಿಯಮಗಳಲ್ಲಿ ಬಂದಿದೆ. ಅಪ್ಪನ ಮೊಬೈಲಿನಲ್ಲಿ ಓಡುವ ಆ ತುಣುಕಿಗೆ ಯಾವ ಸರ್ಟಿಫಿಕೇಟು?

ಹಾಗಾಗಿ ಟಿವಿ ಆರಿಸುವುದಷ್ಟೇ ಸಾಲದು, ಪಕ್ಕದಲ್ಲಿ ಕೂತು ಮಾತಾಡಬೇಕು. ಏಟು ತಿಂದವನ ಮನೆಯಲ್ಲಿ ಈಗ ಏನಾಗುತ್ತಿರಬಹುದು ಎಂದು ಮಗುವನ್ನು ಕೇಳಿ. ಓದಲಿಲ್ಲವೆಂದು ನೀವೇ ಕೈಯೆತ್ತಿದರೆ ತೆರೆ, ಬೀದಿಗಳ ಪಾಠಕ್ಕೆ ಮನೆಯೂ ಮುದ್ರೆ ಒತ್ತಿದಂತೆ. ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಮಗುವಿನ ಸಿಟ್ಟು ಕೈಮೀರುತ್ತಿದೆ ಎನ್ನಿಸಿದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ 14416ಕ್ಕೆ ಕರೆ ಮಾಡಿ, ಅದು ಉಚಿತ.