ಇತಿಹಾಸ ಪಠ್ಯಪುಸ್ತಕವೂ ಅದನ್ನು ಓದುವವರ ಅಭಿಮತವೂ: ದಕ್ಷಿಣ ಕೊರಿಯಾದ ಒಂದು ನಿದರ್ಶನ

ಇತಿಹಾಸದ ಪಠ್ಯಪುಸ್ತಕವೊಂದನ್ನು ಕುರಿತು ವಿದ್ವಾಂಸರೂ ಸರ್ಕಾರವೂ ಏನು ಹೇಳಿದರೆಂಬುದನ್ನು ದಾಖಲೆಗಳಿಂದ ಅರಿಯುವುದು ಕಷ್ಟವಲ್ಲ. ಆದರೆ ಅದನ್ನು ತರಗತಿಯಲ್ಲಿ ಓದಬೇಕಾದ ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಅದನ್ನು ಹೇಗೆ ಕಂಡರೆಂಬುದು ಅಷ್ಟು ಸುಲಭವಾಗಿ ತಿಳಿಯದು. 2013ರಿಂದ 2017ರವರೆಗೆ ದಕ್ಷಿಣ ಕೊರಿಯಾದಲ್ಲಿ ನಡೆದ ವಿವಾದವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ. ಅಲ್ಲಿ ಈ ಎರಡು ವರ್ಗಗಳ ಅಭಿಮತವು ಪುಸ್ತಕದ ಗತಿಯನ್ನು ನಿರ್ಣಯಿಸುವುದರಲ್ಲಿ ಪಾಲುಗೊಂಡಿತು.

ಪಾರ್ಕ್ ಚುಂಗ್-ಹೀ ಅವರ ಆಡಳಿತಕಾಲದಲ್ಲಿ, 1974ರಲ್ಲಿ, ಆ ದೇಶದ ಶಾಲೆಗಳಿಗೆ ಸರ್ಕಾರವೇ ರಚಿಸಿದ ಒಂದೇ ಇತಿಹಾಸ ಪುಸ್ತಕವು ವಿಹಿತವಾಯಿತು. ಪ್ರಜಾಪ್ರಭುತ್ವವು ನೆಲೆಗೊಂಡ ಮೇಲೆ ಈ ಪದ್ಧತಿಯು ಕ್ರಮೇಣ ಸಡಿಲಗೊಂಡಿತು. ಖಾಸಗಿ ಪ್ರಕಾಶಕರು ಸಿದ್ಧಪಡಿಸಿ ಸರ್ಕಾರವು ಪರಿಶೀಲಿಸಿ ಒಪ್ಪಿದ ಹಲವು ಪುಸ್ತಕಗಳಲ್ಲಿ ಒಂದನ್ನು ಶಾಲೆಯೇ ಆರಿಸಿಕೊಳ್ಳುವ ಕ್ರಮವು ಬಂದಿತು. 2013ರಲ್ಲಿ ಹೀಗೆ ಒಪ್ಪಿಗೆ ಪಡೆದ ಎಂಟು ಪ್ರೌಢಶಾಲಾ ಪುಸ್ತಕಗಳಲ್ಲಿ ಕ್ಯೋಹಾಕ್ಸಾ ಪ್ರಕಾಶನದ್ದೂ ಒಂದು. ಜಪಾನಿನ ಆಳ್ವಿಕೆಯನ್ನೂ ತರುವಾಯದ ಸರ್ವಾಧಿಕಾರವನ್ನೂ ಅದು ಮೃದುವಾಗಿ ಚಿತ್ರಿಸಿದೆಯೆಂದೂ ಅದರಲ್ಲಿ ತಪ್ಪುಗಳು ಹಲವೆಂದೂ ಆಕ್ಷೇಪವೆದ್ದಿತು. ಅದನ್ನು ಮೊದಲು ಆರಿಸಿದ್ದ ಸುಮಾರು ಇಪ್ಪತ್ತು ಶಾಲೆಗಳಲ್ಲಿ ಬಹುತೇಕ ಎಲ್ಲವೂ, ವಿದ್ಯಾರ್ಥಿಗಳ ಕೈಬರಹದ ಭಿತ್ತಿಪತ್ರಗಳಿಗೂ ಪೋಷಕರ ಪ್ರತಿಭಟನೆಗೂ ಮಣಿದು, 2014ರ ಜನವರಿಯಲ್ಲಿ ತಮ್ಮ ನಿರ್ಧಾರವನ್ನು ಹಿಂತೆಗೆದುಕೊಂಡವು.

2015ರ ಅಕ್ಟೋಬರಿನಲ್ಲಿ ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಅವರ ಸರ್ಕಾರವು ಮತ್ತೆ ಒಂದೇ ಪುಸ್ತಕದ ಪದ್ಧತಿಗೆ ಮರಳುವುದಾಗಿ ಘೋಷಿಸಿತು. ಬಳಕೆಯಲ್ಲಿದ್ದ ಪುಸ್ತಕಗಳು ಎಡಪಂಥದ ಕಡೆಗೆ ವಾಲಿವೆಯೆಂಬುದು ಸಮರ್ಥಕರ ಮುಖ್ಯ ವಾದವಾಗಿದ್ದಿತು. ಗ್ಯಾಲಪ್ ಕೊರಿಯಾ ಸಂಸ್ಥೆಯು ಆ ತಿಂಗಳ ಮಧ್ಯದಲ್ಲಿ ನಡೆಸಿದ ಎಣಿಕೆಯಲ್ಲಿ ಪರ ಮತ್ತು ವಿರೋಧ ಎರಡೂ ಶೇಕಡ 42ರಷ್ಟಿದ್ದವು. ನವೆಂಬರ್ ಆರಂಭದ ಹೊತ್ತಿಗೆ ಪರ 36ಕ್ಕೆ ಇಳಿದು, ವಿರೋಧ 53ಕ್ಕೆ ಏರಿತು. ವಯಸ್ಸಾದವರಲ್ಲಿ ಒಪ್ಪಿಗೆಯೂ ಕಿರಿಯರಲ್ಲಿ ವಿರೋಧವೂ ಹೆಚ್ಚಾಗಿದ್ದವು.

ಈ ಅಂಕಿಗಳನ್ನು ಬಳಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಎಣಿಕೆಗೆ ಒಳಪಟ್ಟವರು ವಯಸ್ಕರು ಮಾತ್ರ. ಪುಸ್ತಕವನ್ನು ಓದಿ ಪರೀಕ್ಷೆಗೆ ಕುಳಿತುಕೊಳ್ಳಬೇಕಾದ ಪ್ರೌಢಶಾಲಾ ವಿದ್ಯಾರ್ಥಿಗಳು ಅದರಲ್ಲಿ ಇರಲಿಲ್ಲ. ಪೋಷಕರೂ ತಮ್ಮ ವಯೋವರ್ಗದ ಇತರರೊಡನೆ ಬೆರೆತುಹೋಗಿದ್ದರು. ಆದುದರಿಂದ ಇವರ ಅಭಿಮತವನ್ನು ಎಣಿಕೆಗಳಲ್ಲಿ ಅರಸುವುದಕ್ಕಿಂತ ಶಾಲೆಗಳಲ್ಲಿ ನಡೆದ ಘಟನೆಗಳಲ್ಲಿ ಅರಸುವುದು ಯುಕ್ತ.

ಅಂತಹ ಘಟನೆಯು 2017ರಲ್ಲಿ ಒದಗಿತು. ಹೊಸ ಪುಸ್ತಕವನ್ನು ಒಂದು ವರ್ಷ ಮುಂಚಿತವಾಗಿ ಬಳಸಿ ನೋಡಲು ಸರ್ಕಾರವು ‘ಸಂಶೋಧನಾ ಶಾಲೆ’ಗಳನ್ನು ಆಹ್ವಾನಿಸಿತು. ದೇಶದ ಐದು ಸಾವಿರಕ್ಕೂ ಮಿಕ್ಕ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳಲ್ಲಿ ಮೂರು ಮಾತ್ರ ಮುಂದೆ ಬಂದವು. ಕೊನೆಗೆ ಉಳಿದುದು ಗ್ಯೊಂಗ್‌ಸಾನ್ ನಗರದ ಮುನ್‌ಮ್ಯೊಂಗ್ ಪ್ರೌಢಶಾಲೆಯೊಂದೇ. ಅಲ್ಲಿಯ ವಿದ್ಯಾರ್ಥಿಗಳು ನಿಯೋಜನೆಯನ್ನು ರದ್ದುಗೊಳಿಸಬೇಕೆಂದು ಶಾಲೆಯ ಆವರಣದಲ್ಲಿಯೇ ಸೇರಿ ಒತ್ತಾಯಿಸಿದರು. ಮಾರ್ಚ್ 2ರ ಪ್ರವೇಶ ಸಮಾರಂಭವು ನಡೆಯದೆ ಹೋಯಿತು. ಕೆಲವು ಪೋಷಕರು ನ್ಯಾಯಸ್ಥಾನದ ಮೊರೆಹೊಕ್ಕರು. ದೇಗು ಜಿಲ್ಲಾ ನ್ಯಾಯಾಲಯವು ಮಾರ್ಚ್ 17ರಂದು ನಿಯೋಜನೆಗೆ ತಡೆಯಾಜ್ಞೆಯನ್ನಿತ್ತಿತು. ರದ್ದಾಗಬಹುದಾದ ಪುಸ್ತಕದಿಂದ ಬಲವಂತವಾಗಿ ಪಾಠ ಕೇಳಬೇಕಾಗುವುದು ವಿದ್ಯಾರ್ಥಿಗಳಿಗೆ ತುಂಬಲಾರದ ನಷ್ಟವೆಂಬುದು ಅದರ ಅಭಿಪ್ರಾಯವಾಗಿದ್ದಿತು. ಮೇ ತಿಂಗಳಲ್ಲಿ ಅಧಿಕಾರಕ್ಕೆ ಬಂದ ಮೂನ್ ಜೇ-ಇನ್ ಅವರು ಕೆಲವೇ ದಿನಗಳಲ್ಲಿ ಆ ಪುಸ್ತಕವನ್ನೇ ರದ್ದುಪಡಿಸಲು ಆಜ್ಞಾಪಿಸಿದರು.

ಮೇಲಿನ ಸಂಗತಿಗಳಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಆಕ್ಷೇಪವು ಪುಸ್ತಕದ ವಾಕ್ಯಗಳನ್ನು ಮಾತ್ರ ಕುರಿತುದಲ್ಲ. ಅದನ್ನು ಆರಿಸುವವರು ಯಾರು, ಆರಿಸುವಾಗ ಯಾರನ್ನು ಕೇಳಿದರು ಎಂಬುದನ್ನೂ ಕುರಿತುದು. ಕೊರಿಯಾದ ಇತಿಹಾಸವು 2016ರಿಂದ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಕಡ್ಡಾಯ ವಿಷಯವಾಗಿದ್ದುದರಿಂದ, ಪೋಷಕರಿಗೆ ಇದು ತತ್ತ್ವದ ಪ್ರಶ್ನೆಯಾಗಿದ್ದಂತೆಯೇ ಮಕ್ಕಳ ಭವಿಷ್ಯದ ಪ್ರಶ್ನೆಯೂ ಆಗಿದ್ದಿತು. ಎರಡನೆಯದಾಗಿ, ವಿರೋಧಿಸಿದವರ ಮಾತು ಭಿತ್ತಿಪತ್ರಗಳಲ್ಲಿಯೂ ನ್ಯಾಯಾಲಯದ ಕಡತಗಳಲ್ಲಿಯೂ ಉಳಿಯಿತು. ಒಪ್ಪಿದವರ ಅಥವಾ ಸುಮ್ಮನಿದ್ದವರ ಮಾತಿಗೆ ಅಂತಹ ಕುರುಹುಗಳು ವಿರಳ. ಜೋರಾದ ದನಿಯೇ ಎಲ್ಲರ ದನಿಯೆಂದು ಭಾವಿಸುವುದು ಇತಿಹಾಸಕಾರನಿಗೆ ತರವಲ್ಲ. ಪುಸ್ತಕದ ಸತ್ಯಾಸತ್ಯತೆಯನ್ನು ಆಧಾರಗಳಿಂದಲೇ ಪರೀಕ್ಷಿಸಬೇಕಲ್ಲದೆ ಜನಮತದಿಂದಲ್ಲ. ಆದರೆ ಅದು ಶಾಲೆಯೊಳಗೆ ಬಂದ ಬಗೆಯು ನ್ಯಾಯವಾದುದೇ ಎಂಬುದನ್ನು ಹೇಳಲು ಅದನ್ನು ಓದುವವರಿಗಿಂತ ಹೆಚ್ಚಿನ ಅಧಿಕಾರಿಗಳು ಇಲ್ಲ. ಪಠ್ಯಪುಸ್ತಕಗಳ ಚರಿತ್ರೆಯನ್ನು ಬರೆಯಹೊರಟವರು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ವಿಚಾರಿಸುವುದು ಒಳ್ಳೆಯದು.